ಟವರ್‌ಗೆ ಹೆದರುವವರಿಗೆ ಅಳತೆ ತೋರಿಸಿ

ನಾನಿರುವ ಫ್ರಾನ್ಸಿನಲ್ಲಿ ಒಂದು ಪದ್ಧತಿ ನನಗೆ ತುಂಬಾ ಹಿಡಿಸಿದೆ. ಮನೆ ಪಕ್ಕದ ಮೊಬೈಲ್ ಟವರ್ ಬಗ್ಗೆ ಆತಂಕವೇ? ಅರ್ಜಿ ತುಂಬಿ, ಪುರಸಭೆಯ ಸಹಿ ಹಾಕಿಸಿ ಕಳಿಸಿದರೆ, ಮನೆಗೇ ಬಂದು ರೇಡಿಯೋ ಅಲೆಗಳನ್ನು ಅಳೆಯುತ್ತಾರೆ. ಮನೆಯವರು ಪೈಸೆ ಕೊಡಬೇಕಿಲ್ಲ. ಮೊಬೈಲ್ ಕಂಪನಿಗಳು ಕಟ್ಟುವ ತೆರಿಗೆಯಿಂದಲೇ ಖರ್ಚು ನಡೆಯುತ್ತದೆ. ಫಲಿತಾಂಶವನ್ನು ಕಾರ್ಟೋರೇಡಿಯೋ ಎಂಬ ಆನ್‌ಲೈನ್ ನಕ್ಷೆಯಲ್ಲಿ ಯಾರು ಬೇಕಾದರೂ ನೋಡಬಹುದು.

ನಿಯಮದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. 2012ರ ಸೆಪ್ಟೆಂಬರ್‌ನಿಂದ ಭಾರತದಲ್ಲಿ ಟವರ್‌ಗಳು ಸೂಸುವ ಅಲೆಗಳ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ ಮಾತ್ರ. ಫೋನಿನಿಂದ ದೇಹ ಹೀರುವ ಶಕ್ತಿ, ಅಂದರೆ ಎಸ್‌ಎಆರ್, ಕಿಲೋಗೆ 1.6 ವ್ಯಾಟ್ ದಾಟಬಾರದು. ಯುರೋಪಿನಲ್ಲಿ ತಲೆಗೆ 2 ವ್ಯಾಟ್‌ವರೆಗೂ ಬಿಡುತ್ತಾರೆ. ನಮ್ಮಲ್ಲಿ ಟವರ್‌ಗಳ ಮಾಹಿತಿ ಕೊಡುವ ತರಂಗ್ ಸಂಚಾರ್ ಎಂಬ ಸರ್ಕಾರಿ ಪೋರ್ಟಲ್ ಕೂಡ ಇದೆ. ಆದರೆ ಅಳತೆ ಬೇಕೆಂದರೆ ಶುಲ್ಕ ಕಟ್ಟಬೇಕು. ಸಾಮಾನ್ಯ ಜನ ಕಟ್ಟುತ್ತಾರಾ? ಅಳತೆ ಸಿಗದ ಕಡೆ ವಾಟ್ಸ್ಆ್ಯಪ್ ಸುದ್ದಿಯೇ ನಿಜವಾಗುತ್ತದೆ. ಟವರ್ ಬೇಡ ಅಂತ ಊರೇ ಎದ್ದು ನಿಲ್ಲುತ್ತದೆ.

ಇದರಿಂದ ಆಗುವುದು ಉಲ್ಟಾ. ಟವರ್ ದೂರವಾದಷ್ಟೂ ಫೋನ್ ಜಾಸ್ತಿ ಶಕ್ತಿ ಹಾಕಿ ಅಲೆ ಕಳಿಸುತ್ತದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ. ಅಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು ಗಂಟೆಗಟ್ಟಲೆ ಮಾತಾಡುತ್ತಾರೆ. ದೂರದ ಟವರ್‌ಗಿಂತ ಕಿವಿಯಲ್ಲಿರುವ ಆ ಫೋನಿನಿಂದಲೇ ತಲೆಗೆ ಹೆಚ್ಚು ಅಲೆ ತಾಗುವುದು. ಸಿಗ್ನಲ್ ಕಮ್ಮಿ ಇದ್ದಾಗ ಸ್ಪೀಕರ್ ಹಾಕಿ, ಇಲ್ಲವೇ ಇಯರ್‌ಫೋನ್ ಬಳಸಿ. ಒಂದೆರಡು ಗೇಣು ದೂರ ಇಟ್ಟರೂ ತುಂಬಾ ವ್ಯತ್ಯಾಸವಾಗುತ್ತದೆ.

ಕ್ಯಾನ್ಸರ್ ಬರುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ 2024ರ ಪರಿಶೀಲನೆಯಲ್ಲಿ ಮೊಬೈಲ್‌ಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಹಾಗಂತ ತಪಾಸಣೆ ಬಿಡಬಾರದು, ಅಲ್ವಾ? ಫ್ರಾನ್ಸಿನಲ್ಲಿ ರೇಡಿಯೋ ಅಲೆಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಎನ್‌ಎಫ್‌ಆರ್, ಮಾರುಕಟ್ಟೆಯಲ್ಲಿರುವ ಫೋನ್‌ಗಳನ್ನೇ ತೆಗೆದುಕೊಂಡು ಪರೀಕ್ಷಿಸುತ್ತದೆ. 2023ರಲ್ಲಿ ಐಫೋನ್ 12 ಕೈಯಲ್ಲಿ ಹಿಡಿದಾಗ ಎಸ್‌ಎಆರ್ ಕಿಲೋಗೆ 5.74 ವ್ಯಾಟ್ ತೋರಿಸಿತು. ಅದಕ್ಕಿದ್ದ ಮಿತಿ 4. ತಕ್ಷಣ ಮಾರಾಟ ನಿಂತಿತು, ಆಪಲ್ ಸಾಫ್ಟ್‌ವೇರ್ ಬದಲಿಸಬೇಕಾಯಿತು. ಅಳತೆಯನ್ನು ಬಚ್ಚಿಡದೆ ಹೇಳಿದ್ದರಿಂದ ಜನಕ್ಕೆ ನಂಬಿಕೆ ಬರುತ್ತದೆ.

ನಮ್ಮಲ್ಲೂ ಆ ಶುಲ್ಕ ತೆಗೆದುಹಾಕಬೇಕು. ಗ್ರಾಮ ಪಂಚಾಯಿತಿ ಬರೆದುಕೊಟ್ಟರೆ ಸಾಕು, ಬಂದು ಅಳೆಯುವಂತಾಗಲಿ. ಬಂದ ಅಂಕಿಯನ್ನು, ಪಕ್ಕದಲ್ಲೇ ಮಿತಿಯನ್ನೂ ಕನ್ನಡದಲ್ಲಿ ಬರೆದು ಪಂಚಾಯಿತಿ ಬೋರ್ಡಿಗೆ ಅಂಟಿಸಲಿ.