ಲೆಕ್ಕದಲ್ಲಿ ಇನ್ನೂ ಹುಟ್ಟದವರು

ಮೊನ್ನೆ ಪತ್ರಿಕೆಯಲ್ಲಿ ಮತ್ತೆ ಅದೇ ಸಾಲು. ‘2011ರ ಜನಗಣತಿ ಪ್ರಕಾರ ಪಟ್ಟಣದ ಜನಸಂಖ್ಯೆ ಇಷ್ಟು.’ ನೀರಿನ ಯೋಜನೆ ಇರಲಿ, ವಾರ್ಡ್ ಜಗಳ ಇರಲಿ, ಆನೇಕಲ್, ಹೊಸಕೋಟೆ, ನೆಲಮಂಗಲ ಯಾವ ಊರಿನ ಸುದ್ದಿ ಓದಿದರೂ ಈ ಸಾಲು ತಪ್ಪಲ್ಲ. ಆ ವರ್ಷ ಮಾರ್ಚ್ 2ನೇ ತಾರೀಕು ಹುಟ್ಟಿದ ಹುಡುಗನಿಗೆ ಈಗ ಮೀಸೆ ಚಿಗುರಿದೆ. ಸರ್ಕಾರದ ಲೆಕ್ಕದಲ್ಲಿ ಅವನಿನ್ನೂ ಹುಟ್ಟಿಲ್ಲ.

ಇಷ್ಟು ವರ್ಷ ಜನ ಹೆಚ್ಚದ ಹಾಗೆ ನೋಡಿಕೊಂಡ ದೇಶ ಇನ್ನೊಂದಿಲ್ಲ, ಮೆಚ್ಚಬೇಕು. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ತಲೆ ಎಣಿಸಿಕೊಂಡು ಬಂದವರು ನಾವು. 1941ರಲ್ಲಿ ಮಹಾಯುದ್ಧ ನಡೆಯುತ್ತಿದ್ದರೂ ಎಣಿಸಿದ್ದರು. 2021ರಲ್ಲಿ ಕೊರೊನಾ ಬಂತು, ನಿಂತಿತು. ಸರಿ, ಒಪ್ಪೋಣ. ಆಮೇಲೆ ಮಾಸ್ಕ್ ಬಿಚ್ಚಿದೆವು, ಛತ್ರ ತುಂಬಾ ಮದುವೆ ಮಾಡಿದೆವು. ವಿಧಾನಸಭೆ ಚುನಾವಣೆ ಆಯ್ತು, ಲೋಕಸಭೆದೂ ಆಯ್ತು. ಲಾರಿಗಟ್ಟಲೆ ಜನರನ್ನು ಸಮಾವೇಶಕ್ಕೆ ತುಂಬಿಕೊಂಡು ಹೋದರು. ಎಣಿಸೋಕೆ ಮಾತ್ರ ಒಳ್ಳೆ ಮುಹೂರ್ತ ಸಿಕ್ಕಿದ್ದು 2027ರ ಮಾರ್ಚ್ 1ಕ್ಕೆ.

ಅಲ್ಲಿಯವರೆಗೆ ಹೊಸಕೋಟೆಯ ಒಬ್ಬ ಸಾಮಾನ್ಯ ಮನುಷ್ಯ ಯಾವ ಕಾಲದಲ್ಲಿ ಬದುಕುತ್ತಿದ್ದಾನೆ ಅಂತ ಒಮ್ಮೆ ನೋಡಿ. ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗೋದು 1971ರ ಜನಸಂಖ್ಯೆ ಲೆಕ್ಕದಲ್ಲಿ. ಆಗ ನಾವು 2.93 ಕೋಟಿ, ರಾಜ್ಯದ ಹೆಸರು ಇನ್ನೂ ಮೈಸೂರು. ಅವನ ಕ್ಷೇತ್ರದ ಗಡಿ ಎಳೆದದ್ದು 2001ರ ಲೆಕ್ಕದಲ್ಲಿ. ಊರಿಗೆ ರೇಷನ್ ಪಾಲು 2011ರದು. ಕರೆಂಟ್ ಬಿಲ್ಲು ಮಾತ್ರ ಈ ತಿಂಗಳದು.

ಈ ಊರುಗಳ ನಿಜವಾದ ಜನಸಂಖ್ಯೆ ಯಾರಿಗೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ನೀರಿನ ಟ್ಯಾಂಕರ್‌ನವನಿಗೆ ಗೊತ್ತು. ಯಾವ ಕ್ರಾಸಿನಲ್ಲಿ ಹೊಸ ಪಿಜಿ ಎದ್ದಿದೆ, ಒಂದು ರೂಮಿಗೆ ಎಷ್ಟು ಮಂಚ, ಮೂರನೇ ಮಹಡಿಗೆ ಈ ವಾರ ಯಾರು ಬಂದರು, ಎಲ್ಲಾ ಅವನ ಬಾಯಲ್ಲಿದೆ. ಬೂತ್ ಏಜೆಂಟನಿಗೆ ಗೊತ್ತು. ಅವನಂತೂ ಸತ್ತವರನ್ನೂ ಮರೆಯಲ್ಲ. ಲೆಕ್ಕ ಗೊತ್ತಿಲ್ಲದೆ ಇರೋದು ಕೊಡಬೇಕಾದವರಿಗೆ ಮಾತ್ರ.

ಇನ್ನೊಂದು ಮಜಾ ಇದೆ. ಹಳ್ಳಿ ಯಾವಾಗ ಪಟ್ಟಣ ಆಗುತ್ತೆ? ಜನಗಣತಿಯವರ ಲೆಕ್ಕಕ್ಕೆ ಮೂರು ಷರತ್ತು. ಕನಿಷ್ಠ 5,000 ಜನ ಇರಬೇಕು. ಚದರ ಕಿಲೋಮೀಟರಿಗೆ 400 ಜನರಾದರೂ ವಾಸ ಇರಬೇಕು. ದುಡಿಯುವ ಗಂಡಸರಲ್ಲಿ ಶೇ 75ರಷ್ಟು ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುತ್ತಿರಬೇಕು. ಗಂಡಸರಲ್ಲಿ! ಬೆಳಗ್ಗೆ ಏಳಕ್ಕೆ ರಾಮನಗರದ ಕಡೆ ಯಾವುದಾದರೂ ಹಳ್ಳಿ ಗೇಟಿನ ಹತ್ತಿರ ನಿಂತು ನೋಡಿ. ಟಿಫನ್ ಡಬ್ಬಿಯ ಬ್ಯಾಗು ತೋಳಿಗೆ ಹಾಕಿಕೊಂಡು, ಒದ್ದೆ ತಲೆಗೂದಲಿಗೇ ಹೂ ಮುಡಿದುಕೊಂಡು ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಬಸ್ಸಿಗೆ ಓಡುತ್ತಿರುತ್ತಾರೆ. ಕಟ್ಟೆ ಮೇಲೆ ನಾಲ್ಕು ಗಂಡಸರು ಪೇಪರ್ ಹಂಚಿಕೊಂಡು ಕೂತಿರುತ್ತಾರೆ. ಊರು ಪಟ್ಟಣ ಆಗಿದೆಯಾ ಇಲ್ಲವಾ ಅಂತ ನೋಡೋಕೆ ಬಂದವರು ಬಸ್ಸಿನವರನ್ನು ಬಿಟ್ಟು ಕಟ್ಟೆಯವರ ಕಸುಬು ವಿಚಾರಿಸಬೇಕು. ಅವರು ‘ಬೇಸಾಯ’ ಅಂದರೆ ಮುಗೀತು. ಪಹಣಿಯಲ್ಲಿ ಅಪ್ಪನ ಹೆಸರಿದ್ದರೆ ಸಾಕು, ನೇಗಿಲು ಮುಟ್ಟದವನೂ ರೈತನೇ ಅಲ್ವಾ.

ಹೀಗಿದ್ದರೂ ದೇಶದಲ್ಲಿ 2001ರಲ್ಲಿ 1,362 ಇದ್ದ ಇಂಥ ಪಟ್ಟಣಗಳು 2011ಕ್ಕೆ 3,894 ಆದವು. ಲೆಕ್ಕದಲ್ಲಿ ಪಟ್ಟಣ, ಆಡಳಿತಕ್ಕೆ ಗ್ರಾಮ ಪಂಚಾಯಿತಿ. ಐದು ಮಹಡಿ ಕಟ್ಟಡಕ್ಕೆ ಅನುಮತಿ ಕೇಳೋರು, ಬೀದಿದೀಪ ಕೆಟ್ಟರೆ ಪಿಡಿಒಗೆ ಫೋನ್ ಮಾಡೋರು ಇಲ್ಲಿಯ ಜನ. ಪುರಸಭೆ ಆಗಬೇಕಾದರೆ 20 ಸಾವಿರ ದಾಟಬೇಕು, ನಗರಸಭೆಗೆ 50 ಸಾವಿರ. ದಾಟಿದ್ದೀವಿ ಅಂತ ತೋರಿಸೋಕೆ ಇರೋ ಕೊನೆಯ ಗಣತಿ ಯಾವುದು ಅಂತ ಮತ್ತೆ ಹೇಳಬೇಕಾಗಿಲ್ಲ.

ನಡುವೆ ರಾಜ್ಯ ಸರ್ಕಾರ ಎಣಿಸಲಿಲ್ಲವೇ ಅಂತ ಕೇಳಬಹುದು. ಎಣಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಸಮೀಕ್ಷೆಯಲ್ಲಿ 60 ಪ್ರಶ್ನೆ. ಮೀಟರ್ ಓದುವವರು ಬಂದು ಮನೆಗೆ ಸ್ಟಿಕ್ಕರ್ ಅಂಟಿಸಿದರು. ಮೇಷ್ಟ್ರುಗಳು ದಸರಾ ರಜೆ ಬಿಟ್ಟು ಆ್ಯಪ್ ಜತೆ ಗುದ್ದಾಡಿದರು. ಕೋಳಿ ಎಷ್ಟು, ಕುರಿ ಎಷ್ಟು ಅಂತೆಲ್ಲ ಕೇಳಬೇಡಿ ಅಂತ ಕೊನೆಗೆ ಉಪಮುಖ್ಯಮಂತ್ರಿಗಳೇ ಹೇಳಬೇಕಾಯಿತು. ನನ್ನನ್ನು ಕೇಳಿದರೆ ಕೋಳಿ ಲೆಕ್ಕವೇ ವಾಸಿ ಇತ್ತು. ಕೋಳಿ ಪಿಜಿಯಲ್ಲಿ ಇರಲ್ಲ, ವೀಕೆಂಡಿಗೆ ಊರಿಗೂ ಹೋಗಲ್ಲ.

ತಮಾಷೆ ಸಾಕು. ಆರೋಗ್ಯ ಕೇಂದ್ರ ಕೊಡೋದು ಜನಸಂಖ್ಯೆ ನೋಡಿ, ಬಯಲುಸೀಮೆಯಲ್ಲಿ 30 ಸಾವಿರಕ್ಕೆ ಒಂದು. ಅಂಗನವಾಡಿ ಕೊಡೋದು ಜನಸಂಖ್ಯೆ ನೋಡಿ. ಆಹಾರ ಭದ್ರತಾ ಕಾಯ್ದೆಯಲ್ಲಿ ಹಳ್ಳಿಯ ಶೇ 75, ಪಟ್ಟಣದ ಶೇ 50 ಜನಕ್ಕೆ ಅಕ್ಕಿ ಅಂತ ಬರೆದು, ಆ ಮಿತಿಯನ್ನು 2011ರ ಸಂಖ್ಯೆಗೆ ಕಟ್ಟಿಹಾಕಿದ್ದಾರೆ. ಆಮೇಲೆ ಹುಟ್ಟಿದ ಮಗುವಿಗೆ ಹಸಿವಾಗಲ್ವಾ? ಯಾದಗಿರಿಯಿಂದ ಬಂದು ಇಲ್ಲಿ ಸಿಮೆಂಟ್ ಹೊರುವವನ ಹೆಂಡತಿ ಬಸುರಿ ಅಂದರೆ ಅವಳ ಹೆಸರು ಬರೆದುಕೊಳ್ಳೋಕೆ ಒಬ್ಬ ಕಾರ್ಯಕರ್ತೆ ಬೇಕು. ಹದಿನೈದು ವರ್ಷ ಹಳೆಯ ಜನಕ್ಕೆ ಅಂತ ಕೊಟ್ಟ ಆ ಒಬ್ಬಳೇ ಹೆಣ್ಣುಮಗಳು, ಅರೆಬರೆ ಗೌರವಧನದಲ್ಲಿ, ಎಷ್ಟು ಶೆಡ್ಡು ಅಂತ ಸುತ್ತಬೇಕು? ಇದನ್ನು ಕೇಳಿದರೆ ‘ಗಣತಿ ಆಗಲಿ, ನೋಡೋಣ’ ಅಂತಾರೆ. ಗಣತಿ ಮುಂದಕ್ಕೆ ಹಾಕಿದವರು ಯಾರು ಸ್ವಾಮಿ?

ಈ ಸಲ ಮೊಬೈಲಿನಲ್ಲಿ ನಾವೇ ವಿವರ ತುಂಬಬಹುದಂತೆ. ಒಳ್ಳೆಯದೇ. ಆದರೆ ಬಾಡಿಗೆಗೆ ಇರೋರು ತುಂಬುವ ಮೊದಲು ಓನರನ್ನು ಒಂದು ಮಾತು ಕೇಳಿಕೊಳ್ಳಿ. ಅವರು ಕಂದಾಯದ ಲೆಕ್ಕದಲ್ಲಿ ಮೂರೇ ಮನೆ ತೋರಿಸಿರುತ್ತಾರೆ. ನೀವಿರೋದು ಹನ್ನೊಂದನೆಯದರಲ್ಲಿ.