ನಮ್ಮಪ್ಪ ಹಾಗೆ ನಗ್ತಿರಲಿಲ್ಲ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಅಪ್ಪ ಕಣ್ಣು ಮಿಟುಕಿಸುತ್ತಿದ್ದಾರೆ.

ಹೋಗಿ ಮೂರು ವರ್ಷವಾದ ಅಪ್ಪ. ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪನ ಮಗ ಹಾಕಿದ್ದ. ನಮ್ಮೆಲ್ಲರ ಹತ್ತಿರ ಇರುವ ಅದೇ ಫೋಟೊ. ಅದನ್ನು ಯಾವುದೋ ಆ್ಯಪಿಗೆ ಕೊಟ್ಟು ಜೀವ ಬರಿಸಿದ್ದಾನಂತೆ. ಅಪ್ಪ ಕತ್ತು ಓರೆ ಮಾಡಿ, ಆ ಕಡೆ ಈ ಕಡೆ ನೋಡಿ, ಹಲ್ಲು ಬಿಟ್ಟು ನಗುತ್ತಾರೆ. ಕೆಳಗೆ ಸಾಲುಸಾಲು ಅಳುವ ಇಮೋಜಿ. "ಎದುರಿಗೇ ಬಂದ ಹಾಗಿದೆ!"

ಎಲ್ಲಿ ಬಂದ ಹಾಗಿದೆ ಸ್ವಾಮಿ? ಅಪ್ಪನನ್ನು ಕಂಡವರಿಗೆಲ್ಲ ಗೊತ್ತು, ಅವರು ಹಲ್ಲು ಕಾಣುವ ಹಾಗೆ ನಗುತ್ತಲೇ ಇರಲಿಲ್ಲ. ಮುಂದಿನ ಹಲ್ಲು ಅರ್ಧ ಮುರಿದಿತ್ತು. ನಗು ಬಂದರೆ ಎಡಗೈ ತಾನಾಗೇ ಬಾಯಿಗೆ ಹೋಗೋದು. ಭುಜ ಮಾತ್ರ ಕುಣಿಯೋದು. ಆ ಭುಜ ನೋಡಿಯೇ ಅಪ್ಪ ನಗ್ತಿದ್ದಾರೆ ಅಂತ ನಮಗೆ ಗೊತ್ತಾಗುತ್ತಿದ್ದದ್ದು. ಈಗ ಆ್ಯಪು ಸಾಲಾಗಿ ಬಿಳಿ ಹಲ್ಲು ಕಟ್ಟಿಸಿಕೊಟ್ಟಿದೆ. ಪುಕ್ಕಟೆ! ಬದುಕಿದ್ದಾಗ ನಾನು ಎಷ್ಟು ಕರೆದರೂ ಹಲ್ಲಿನ ಡಾಕ್ಟರ ಹತ್ತಿರ ಬಂದವರಲ್ಲ.

ಈ ಹುಚ್ಚು ಹೊಸದೇನಲ್ಲ. 2021ರಲ್ಲಿ ಮೈಹೆರಿಟೇಜ್ ಕಂಪನಿ 'ಡೀಪ್ ನಾಸ್ಟಾಲ್ಜಿಯಾ' ತಂದಾಗಲೇ ಜನ ತಮ್ಮ ಅಜ್ಜ ಅಜ್ಜಿಯರ ಹಳೇ ಫೋಟೊಗಳನ್ನೆಲ್ಲ ಅಲ್ಲಾಡಿಸಿದ್ದರು. ಅದು ಹೇಗೆ ನಡೆಯುತ್ತಿತ್ತು ಗೊತ್ತಾ? ಬೇರೆ ಯಾರೋ ಕತ್ತು ತಿರುಗಿಸಿ, ನಕ್ಕು, ಮೊದಲೇ ವಿಡಿಯೊ ಮಾಡಿಟ್ಟಿರುತ್ತಾರೆ. ಆ ಚಲನೆಯನ್ನು ನಿಮ್ಮ ಫೋಟೊದ ಮುಖಕ್ಕೆ ಹೊಂದಿಸುತ್ತಾರೆ. ಮುಚ್ಚಿದ ಬಾಯೊಳಗೆ ಎಂಥ ಹಲ್ಲಿತ್ತು ಅಂತ ಕಂಪ್ಯೂಟರಿಗೇನು ಗೊತ್ತು? ಅಂದಾಜಿನ ಮೇಲೆ ತುಂಬಿಕೊಳ್ಳುತ್ತೆ. ಮುಖ ಅಪ್ಪನದು, ನಗು ಯಾರದ್ದೋ. ದುರುಪಯೋಗ ಆಗಬಾರದು ಅಂತ ಅವರು ಮಾತನ್ನಾದರೂ ಬೇಕಂತಲೇ ಸೇರಿಸಿರಲಿಲ್ಲ. ನಮ್ಮ ಹುಡುಗನಿಗೆ ಆ ಸಂಕೋಚವೂ ಇಲ್ಲ. "ದೊಡ್ಡಪ್ಪನ ವಾಯ್ಸ್ ಇದ್ರೆ ಕಳ್ಸಕ್ಕಾ, ಮಾತಾಡಿಸ್ತೀನಿ" ಅಂತ ಮೆಸೇಜು.

ಸಮಾಧಾನ ಸಿಗೋರಿಗೆ ಸಿಗಲಿ ಬಿಡು, ನಿಂಗೇನು ಕಷ್ಟ ಅಂತೀರಿ. ಅಮೆರಿಕದ ಜೇಮ್ಸ್ ವ್ಲಾಹೋಸ್ ಅನ್ನೋ ಪತ್ರಕರ್ತನ ಉದಾಹರಣೆಯನ್ನೂ ಕೊಡ್ತೀರಿ. ಅಪ್ಪನಿಗೆ ಕ್ಯಾನ್ಸರ್ ಅಂತ ತಿಳಿದಾಗ ಎದುರಿಗೆ ಕೂತು ಕತೆ ಹೇಳಿಸಿ ರೆಕಾರ್ಡ್ ಮಾಡಿಕೊಂಡವನು. ಬರಹಕ್ಕೆ ಇಳಿಸಿದಾಗ 91,970 ಪದ ಆಯ್ತು. ಅದರಿಂದಲೇ ಅಪ್ಪನ ಥರ ಚಾಟ್ ಮಾಡುವ 'ಡ್ಯಾಡ್‌ಬಾಟ್' ಕಟ್ಟಿದ. ಆದರೆ ಅವನು ಅಪ್ಪ ಇದ್ದಾಗ ಕೂತು ಕೇಳಿದ್ದ, ಅಲ್ವಾ? ಬಾಟ್ ಆಮೇಲಿನ ಮಾತು. ಅವನನ್ನು ಈ ಹಲ್ಲಿನ ಸೆಟ್ಟಿಗೆ ಹೋಲಿಸಬೇಡಿ.

ನಾನು ಕೂರಲಿಲ್ಲ. ಉರಿ ಇಷ್ಟು ಜಾಸ್ತಿ ಆಗಿರೋದು ಅದಕ್ಕೇ ಇರಬೇಕು. ಅಪ್ಪ ಅದೇ ಕತೆ ಮೂರನೇ ಸಲ ತೆಗೆದರೆ "ಆಗ್ಲೇ ಹೇಳಿದೀರಪ್ಪ" ಅಂತ ಫೋನ್ ನೋಡುತ್ತಿದ್ದೆ. "ಓ, ಹೇಳಿದೀನಾ" ಅಂತ ಅವರು ಸುಮ್ಮನಾಗುತ್ತಿದ್ದರು. ಆ ಕತೆಯ ಕೊನೆ ಏನಿತ್ತೋ, ಈಗ ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ.

ಅಮ್ಮ ಆ ವಿಡಿಯೊ ನಾಲ್ಕು ಸಲ ನೋಡಿದರು. ಹಾಗಾಗಿ ಗ್ರೂಪಿನಲ್ಲಿ ನಾನು ತುಟಿ ಬಿಚ್ಚಿಲ್ಲ, ಬೈಗುಳವೆಲ್ಲ ಇಲ್ಲೇ. ನೋಡಿ ಮುಗಿಸಿ ಫೋನ್ ವಾಪಸ್ ಕೊಡುತ್ತಾ "ಹಲ್ಲು ಚೆನ್ನಾಗಿದೆ" ಅಂದರು. ಅಷ್ಟೇ.

ವಾಯ್ಸ್ ಹುಡುಕಲು ಹೋದಾಗ ಹನ್ನೊಂದು ಸೆಕೆಂಡಿನ ಒಂದು ವಿಡಿಯೊ ಸಿಕ್ಕಿತು. ನಾನೇ ತೆಗೆದದ್ದು, ಮರೆತೇ ಹೋಗಿತ್ತು. ಹುಡುಗನಿಗೆ ಕಳಿಸಿಲ್ಲ, ಕಳಿಸೋದೂ ಇಲ್ಲ. ಅಪ್ಪ ಅದನ್ನು ಫೋಟೊ ಅಂದುಕೊಂಡಿದ್ದಾರೆ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಬಾಯಿ ಬಿಗಿದು, ಎರಡೂ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದಾರೆ. ರೆಪ್ಪೆ ಕೂಡ ಬಡಿಯುತ್ತಿಲ್ಲ. ಕೊನೆಗೆ ತುಟಿ ಅಲ್ಲಾಡಿಸದ ಹಾಗೆ ಕೇಳುತ್ತಾರೆ, "ತೆಗೆದ್ಯಾ?" ನಾನು ನಕ್ಕಿದ್ದು ಕೇಳಿಸುತ್ತೆ. ಎಡಗೈ ಮೇಲಕ್ಕೆ ಹೋಗುತ್ತೆ, ಭುಜ ಕುಣಿಯೋಕೆ ಶುರುವಾಗುತ್ತೆ, ವಿಡಿಯೊ ಅಲ್ಲಿಗೇ ನಿಲ್ಲುತ್ತೆ.