ಮಂಡಳಿ ಬಿಟ್ಟು ಕಳಿಸಿತು, ಶಾಲೆ ಒಳಗೆ ಬಿಡಲಿಲ್ಲ

ಹುಡುಗನ ಹೆಸರು ಬರೆಯುವುದಿಲ್ಲ, ಊರನ್ನೂ ಹೇಳುವುದಿಲ್ಲ. ಬಾಲ ನ್ಯಾಯ ಕಾಯ್ದೆಯ ಪ್ರಕಾರ ಹೇಳುವ ಹಾಗೂ ಇಲ್ಲ. ಅವನು ಸಿಕ್ಕಿಬಿದ್ದ ದಿನ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ಇದು ಗೊತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಫೋಟೋ ಎಲ್ಲರ ಮೊಬೈಲಿನಲ್ಲಿತ್ತು.

15 ವರ್ಷ, ಒಂಬತ್ತನೇ ಕ್ಲಾಸು. ತನಗಿಂತ ದೊಡ್ಡ ಹುಡುಗರ ಜೊತೆ ಸೇರಿ ಯಾರದೋ ಬೈಕ್ ಎತ್ತಿಕೊಂಡು ಹೋಗಿದ್ದ. ಅಪ್ಪ ಮನೆ ಬಿಟ್ಟು ಎರಡು ವರ್ಷ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ರಾತ್ರಿ ಬಾಗಿಲು ಬಡಿದು, "ಅಕ್ಕ, ಜೈಲಿಗೆ ಹಾಕ್ತಾರಂತೆ, ಹೌದಾ?" ಅಂದಳು.

ಹಾಕುವ ಹಾಗಿಲ್ಲ. 18 ತುಂಬದವರನ್ನು ಜೈಲಿಗಿರಲಿ, ಠಾಣೆಯ ಲಾಕಪ್ಪಿಗೂ ಹಾಕುವ ಹಾಗಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಕರೆದೊಯ್ಯಬೇಕು. ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಇದನ್ನೆಲ್ಲ ಆ ತಾಯಿಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅಷ್ಟಾಗಿ ಗೊತ್ತಿರಲಿಲ್ಲ, ಅವತ್ತು ರಾತ್ರಿ ಕೂತು ಓದಿದ್ದು.

ಮಂಡಳಿ ಅಂದರೆ ಸಿನಿಮಾ ಕೋರ್ಟಲ್ಲ. ಕಟಕಟೆ ಇಲ್ಲ, ಎತ್ತರದ ಪೀಠವೂ ಇಲ್ಲ. ಒಬ್ಬರು ಮ್ಯಾಜಿಸ್ಟ್ರೇಟ್, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು. ಅವರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. ಹುಡುಗನಿಗೆ ಮೊದಲ ದಿನವೇ ಜಾಮೀನು ಸಿಕ್ಕಿತು.

ಆಮೇಲೆ ಶುರುವಾಯಿತು ಓಡಾಟ. ಪ್ರತಿ ಸಲ ಜಿಲ್ಲಾ ಕೇಂದ್ರಕ್ಕೆ ಬಸ್ಸು. ಶಕ್ತಿ ಯೋಜನೆ ಇರುವುದರಿಂದ ನಮ್ಮಿಬ್ಬರಿಗೂ ಸೊನ್ನೆ ಟಿಕೆಟ್, ದುಡ್ಡು ಕೊಟ್ಟಿದ್ದು ಅವನ ಟಿಕೆಟ್ಟಿಗೆ ಮಾತ್ರ. ಅದನ್ನು ಅವನು ಇಳಿಯುವವರೆಗೂ ಬೀಡಿಯ ಹಾಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ. ಟಿಕೆಟ್ ಉಳಿಯಿತು ಸರಿ, ಕೂಲಿ? ಒಂದು ದಿನ ರಜಾ ಹಾಕಿದರೆ ಆ ದಿನದ ಸಂಬಳದ ಜೊತೆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಮೂರನೇ ಸಲಕ್ಕೆ ಅವಳು, "ಅಕ್ಕ, ನೀವೇ ಕರ್ಕೊಂಡು ಹೋಗ್ತೀರಾ?" ಎಂದಾಗ ಕೋಪ ಬಂತು. ಲೆಕ್ಕ ಹಾಕಿದ ಮೇಲೆ ಇಳಿಯಿತು.

ಮನೆಗೆ ಬಂದ ಪರಿವೀಕ್ಷಣಾಧಿಕಾರಿ (ಹುಡುಗನ ಮನೆ ಪರಿಸ್ಥಿತಿ ವಿಚಾರಿಸಿ ಮಂಡಳಿಗೆ ವರದಿ ಕೊಡುವವರು) ಬೈಕಿನ ಬಗ್ಗೆ ಜಾಸ್ತಿ ಕೇಳಲೇ ಇಲ್ಲ. ಯಾರ ಜೊತೆ ಓಡಾಡ್ತೀಯ, ರಾತ್ರಿ ಊಟ ಯಾರು ಬಡಿಸ್ತಾರೆ, ಶಾಲೆಗೆ ಯಾವಾಗಿಂದ ಹೋಗಿಲ್ಲ? ಕೊನೆಯ ಪ್ರಶ್ನೆಗೆ ಹುಡುಗ ತಲೆ ತಗ್ಗಿಸಿದ. ಮೂರು ತಿಂಗಳಿಂದ ಅವನು ಶಾಲೆಗೆ ಹೋಗಿರಲೇ ಇಲ್ಲ! ಬೆಳಗ್ಗೆ ಅಮ್ಮ ಏಳೂವರೆಗೆ ಹೊರಟರೆ, ಇವನು ಯೂನಿಫಾರ್ಮ್ ಹಾಕಿಕೊಂಡೇ ಗ್ಯಾರೇಜಿನ ಹತ್ತಿರ ಹೋಗಿ ಕೂರುತ್ತಿದ್ದ. ಹಾಜರಿ ಪುಸ್ತಕದಲ್ಲಿ ದಿನವೂ ಗೈರು ಬಿದ್ದಿದೆ. ಮನೆಗೆ ಒಂದು ಫೋನ್ ಬಂದಿಲ್ಲ.

ನನ್ನ ತಕರಾರು ಇಲ್ಲೇ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಮಕ್ಕಳು ಕೈ ತಪ್ಪುವುದು ಶುರುವಾಗುವುದೇ ಅಲ್ಲಿಂದ ಆಚೆಗೆ, ಅಲ್ವಾ? ಹಿಡಿದುಕೊಳ್ಳಬೇಕಾದ ವಯಸ್ಸಿನಲ್ಲೇ ಬಿಟ್ಟುಬಿಡುತ್ತೇವೆ.

ಮಂಡಳಿ ಕೊನೆಗೆ ತಾಯಿ ಮಗ ಇಬ್ಬರಿಗೂ ಬುದ್ಧಿ ಹೇಳಿ ಮನೆಗೆ ಕಳಿಸಿತು. ಮುಗಿದ ಇಂಥ ಪ್ರಕರಣವನ್ನು ನಡತೆ ಪ್ರಮಾಣಪತ್ರಕ್ಕಾಗಿ ಕೂಡ ಪೊಲೀಸರು ಹೊರಗೆ ಹೇಳುವಂತಿಲ್ಲ. ಕಾನೂನೇ ಮರೆಯಲು ತಯಾರಿದೆ. ಶಾಲೆಯಲ್ಲಿ ಮಾತ್ರ, "ಟಿಸಿ ತಗೊಂಡು ಹೋಗ್ಬಿಡಿ ಮೇಡಂ, ಉಳಿದ ಮಕ್ಕಳೂ ಕೆಡ್ತಾರೆ" ಅಂದರು. ಆ ಕುರ್ಚಿಯಲ್ಲಿ ಕೂತವರ ಭಯ ಅರ್ಥವಾಗುತ್ತದೆ. ಹಾಗಂತ ಒಪ್ಪಲಾರೆ. ಟಿಸಿ ಹಿಡಿದುಕೊಂಡು ಆ ಹುಡುಗ ಹೋಗುವುದಾದರೂ ಎಲ್ಲಿಗೆ? ಮತ್ತೆ ಅದೇ ಗ್ಯಾರೇಜಿಗೆ.

ಎರಡು ವಾರ ಅಲೆದೆವು. ಕೊನೆಗೆ ಅಲ್ಲಿನ ಪಿಟಿ ಮೇಷ್ಟ್ರೇ ಹೆಡ್‌ಮಾಸ್ಟರಿಗೆ, "ನನ್ನ ಜವಾಬ್ದಾರಿ, ಬಿಡಿ ಸಾರ್" ಅಂದರು. ಮೊದಲ ದಿನವೇ ಅವನ ಕೈಗೆ ಸುಣ್ಣದ ಪುಡಿಯ ಡಬ್ಬ ಕೊಟ್ಟು ಕಬಡ್ಡಿ ಅಂಕಣದ ಗೆರೆ ಎಳೆಸಿದರು. ಗೆರೆ ಸೊಟ್ಟಗಾಗಿತ್ತು. ಅಳಿಸಿ ಮತ್ತೆ ಎಳೆಸಿದರು.

ಬೈಕಿನ ಯಜಮಾನರಿಗೆ ಸಿಟ್ಟು ಇನ್ನೂ ಹೋಗಿಲ್ಲ. ರಿಪೇರಿ ಖರ್ಚು ಅವರ ತಲೆಗೇ ಬಂತು, ಆ ಸಿಟ್ಟು ನ್ಯಾಯವೇ. ಹುಡುಗ ಅವರ ಅಂಗಡಿ ಇರುವ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಶಾಲೆಗೆ ಹೋಗುತ್ತಾನೆ.

ಪರಿವೀಕ್ಷಣಾಧಿಕಾರಿ ಮೊನ್ನೆ ಫೋನ್ ಮಾಡಿದ್ದರು. ಇನ್ನೊಬ್ಬ ಹುಡುಗ, ಇನ್ನೊಬ್ಬಳು ತಾಯಿ, ಅವಳಿಗೂ ರಜಾ ಸಿಗುವುದಿಲ್ಲ. ಮುಂದಿನ ಗುರುವಾರ ನನಗೆ ಆಗುವುದಿಲ್ಲ. ಯಾರಿಗಾದರೂ ಅವತ್ತು ಅರ್ಧ ದಿನ ಬಿಡುವಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಕಾನೂನು ಗೊತ್ತಿರಬೇಕಾಗಿಲ್ಲ, ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತರೆ ಸಾಕು.